ಅಪ್ಪನ ಅಳತೆ ಪುಸ್ತಕ

ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರದ ಓಣಿಯೊಂದರಲ್ಲಿ ಅಪ್ಪನ ಟೇಲರ್ ಅಂಗಡಿ ಇತ್ತು. ಉದ್ದ ಹತ್ತಡಿ, ಅಗಲ ಹತ್ತಡಿ. ಎರಡು ಮಷಿನ್, ಒಂದು ಕಟಿಂಗ್ ಟೇಬಲ್. ಗಿರಾಕಿ ಒಳಗೆ ಬಂದರೆ ನಾನು ಹೊರಗೆ ಬರಬೇಕು, ಅಷ್ಟೇ ಜಾಗ.

ಮೊನ್ನೆ ಪಾಲ್ ಸ್ಮಿತ್ ಪ್ರದರ್ಶನದ ಫೋಟೊಗಳನ್ನು ನೋಡುತ್ತಾ ಕೂತಾಗ ಆ ಅಂಗಡಿಯೇ ಕಣ್ಣ ಮುಂದೆ ಬಂತು. ಇಂಗ್ಲೆಂಡಿನ ಈ ಬಟ್ಟೆ ಡಿಸೈನರ್ 1970ರಲ್ಲಿ ನಾಟಿಂಗ್‌ಹ್ಯಾಮ್ ಊರಲ್ಲಿ ತೆರೆದ ಮೊದಲ ಅಂಗಡಿಯೂ ಬರೀ 3 ಮೀಟರ್ ಉದ್ದ, 3 ಮೀಟರ್ ಅಗಲ. ವಾರಕ್ಕೆ ಎರಡೇ ದಿನ ಬಾಗಿಲು ತೆರೆಯುತ್ತಿತ್ತು, ಶುಕ್ರವಾರ ಮತ್ತು ಶನಿವಾರ. 2013ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂ ಅದೇ ಅಳತೆಯಲ್ಲಿ ಆ ಅಂಗಡಿಯನ್ನು ಮತ್ತೆ ಕಟ್ಟಿತು. ಆಮೇಲೆ ಪ್ರದರ್ಶನ ಗ್ಲಾಸ್ಗೋ, ಕ್ಯೋಟೊ, ಸೋಲ್ ಅಂತ ಊರೂರು ಸುತ್ತಿತು.

ನನಗೆ ಜಾಸ್ತಿ ಹಿಡಿಸಿದ್ದು ಅಲ್ಲಿಟ್ಟ ಬಟ್ಟೆಗಳಲ್ಲ. ಪುಸ್ತಕ, ಕ್ಯಾಮೆರಾ, ಆಟಿಕೆ, ಸೈಕಲ್ ತುಂಬಿದ ಅವರ ಆಫೀಸನ್ನು ಹಾಗೇ ಎತ್ತಿ ತಂದಂತೆ ಇಟ್ಟಿದ್ದರು. 1976ರಲ್ಲಿ ಪ್ಯಾರಿಸ್ಸಿನ ಹೋಟೆಲ್ ರೂಮಿನ ಹಾಸಿಗೆ ಮೇಲೆ ನಾಲ್ಕಾರು ಅಂಗಿ ಹರವಿಕೊಂಡು ಗಿರಾಕಿಗೆ ಕಾದಿದ್ದರಂತೆ, ಆ ರೂಮನ್ನೂ ಅಲ್ಲಿ ಮತ್ತೆ ಕಟ್ಟಿದ್ದರು. ಅವರ ಹೆಸರು ಹೇಳಿದರೆ ನೆನಪಾಗುವ ಬಣ್ಣಬಣ್ಣದ ಪಟ್ಟೆಗಳು ಹುಟ್ಟಿದ್ದು ರಟ್ಟಿನ ತುಂಡಿಗೆ ದಾರ ಸುತ್ತಿ ಸುತ್ತಿ. ನೀಲಿ ಪಕ್ಕ ಹಳದಿ ಎಷ್ಟು ಎಳೆ ಬೇಕು ಅನ್ನೋದು ಕಣ್ಣಿಗೆ ಕಂಡ ಮೇಲೇ ಗೊತ್ತಾಗೋದು ಅಲ್ವಾ? ಗದಗ-ಬೆಟಗೇರಿಯ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪನ ಕೆಲಸದ ದಾರಿ ಇದ್ದದ್ದು ಅಳತೆ ಪುಸ್ತಕದಲ್ಲಿ. ಪ್ರತಿ ಪುಟದಲ್ಲೂ ಎದೆ, ಸೊಂಟ, ತೋಳು, ಉದ್ದ, ಪಕ್ಕದಲ್ಲಿ ಗುಂಡುಪಿನ್ ಚುಚ್ಚಿದ ಬಟ್ಟೆ ಚೂರು, ಅದರ ಕೆಳಗೆ ಅಪ್ಪನಿಗೆ ಮಾತ್ರ ತಿಳಿಯುವ ಗುರುತುಗಳು. ರೆಡಿಮೇಡ್ ಬಂದ ಮೇಲೆ ಹೊಲಿಸುವವರು ಕಡಿಮೆಯಾದರು, ಅಂಗಡಿ ಖಾಲಿ ಮಾಡಿದೆವು. ಆ ದಿನ ಪುಸ್ತಕಗಳನ್ನು ರದ್ದಿಗೆ ಹಾಕಿದವನು ನಾನೇ. ಮೂವತ್ತು ವರ್ಷದ ಊರ ಮಂದಿಯ ಮೈ ಅದರಲ್ಲಿತ್ತು. ಈಗ ನೆನೆದರೆ ಹೊಟ್ಟೆ ಉರಿಯುತ್ತದೆ.

ಅವ್ವ ಗುಂಡಿ ಡಬ್ಬಿಯ ಜೊತೆ ಮೂರು ಪುಸ್ತಕ ತೆಗೆದಿಟ್ಟಿದ್ದಳು. ಈಗ ದಿನಾ ಸಂಜೆ ಅಪ್ಪನ ಪಕ್ಕ ಕೂತು ಒಂದೊಂದು ಗುರುತಿಗೂ ಅರ್ಥ ಕೇಳಿ ಬರೆದುಕೊಳ್ಳುತ್ತಿದ್ದೇನೆ. ನಿನ್ನೆ ಒಂಬತ್ತನೇ ಪುಟ. ಒಂದು ಅಂಕಿಯ ಮೇಲೆ ಸಣ್ಣ ಸೊನ್ನೆ ಇತ್ತು, ಏನಿದು ಅಂದೆ. ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಎಡಗಡೆ ಭುಜ ಸ್ವಲ್ಪ ಇಳದದ. ಅದನ್ನ ಗಿರಾಕಿ ಮುಂದ ಅನಬಾರದು, ಹೊಲಿಗ್ಯಾಗ ಸರಿ ಮಾಡಬೇಕು" ಅಂದರು, ಪುಟ ತಿರುವಿದರು.