ದಾಂಗ್ಲಾರ್ ಮೋಸಗಾರ ಅಲ್ವಾ, ಆ ಸಿನಿಮಾ ನಿಮಗೆ ಹೇಗೆ ಇಷ್ಟ?

ಯಾರಿಗೇ ‘ಫ್ರೆಂಚ್ ಕ್ಯಾನ್‌ಕ್ಯಾನ್’ ನೋಡಿ ಅಂತ ಹೇಳಿದರೂ ಆಮೇಲೆ ಬರುವ ಪ್ರಶ್ನೆ ಒಂದೇ. ‘ಆ ದಾಂಗ್ಲಾರ್ ಹುಡುಗಿಯನ್ನು ಕರೆದುಕೊಂಡು ಬರುತ್ತಾನೆ, ಕುಣಿಸುತ್ತಾನೆ, ಪ್ರೀತಿ ಅನ್ನುತ್ತಾನೆ, ಆಮೇಲೆ ಇನ್ನೊಬ್ಬಳ ಹಿಂದೆ ಹೋಗುತ್ತಾನೆ. ಅಂಥವನ ಕಥೆ ಇಷ್ಟಪಡೋದು ಹೇಗೆ?’ ನ್ಯಾಯವಾದ ಪ್ರಶ್ನೆ.

ಸಿನಿಮಾ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಫ್ರೆಂಚ್ ನಿರ್ದೇಶಕ ಜಾನ್ ರೆನ್ವಾ ಮಾಡಿದ ಚಿತ್ರ, 1955ರಲ್ಲಿ ಬಂತು. ಕ್ಯಾನ್‌ಕ್ಯಾನ್ ಅಂದರೆ ಲಂಗ ಎತ್ತಿ ಕಾಲು ಮೇಲಕ್ಕೆ ಚಿಮ್ಮಿಸಿ ಕುಣಿಯುವ ಕುಣಿತ. ಹದಿನೈದು ವರ್ಷ ಹೊರಗಿದ್ದು, ಅಮೆರಿಕದಲ್ಲಿ ಸಿನಿಮಾ ಮಾಡಿ, ನಮ್ಮ ಬಂಗಾಳಕ್ಕೂ ಬಂದು ‘ದಿ ರಿವರ್’ ತೆಗೆದು (ಲೊಕೇಶನ್ ಹುಡುಕಲು ಜೊತೆಗೆ ಓಡಾಡಿದ್ದು ಯುವಕ ಸತ್ಯಜಿತ್ ರೇ), ಕೊನೆಗೆ ಪ್ಯಾರಿಸ್ಸಿಗೆ ಮರಳಿ ಮಾಡಿದ ಕೆಲಸ ಇದು. ಪ್ಯಾರಿಸ್ಸಿನ ಕ್ಯಾಬರೆ ಮೂಲಾನ್ ರೂಜ್ 1889ರಲ್ಲಿ ಶುರುವಾಯಿತಲ್ಲ, ಅದು ಹೇಗೆ ಹುಟ್ಟಿತು ಅನ್ನುವುದನ್ನು ರೆನ್ವಾ ತನಗೆ ಬೇಕಾದ ಹಾಗೆ ಕಟ್ಟಿದ್ದಾರೆ. ಆ ಕುಣಿತದ ಕಂಪನಿಯ ಯಜಮಾನ ದಾಂಗ್ಲಾರ್ ಆಗಿ ನಟಿಸಿದ್ದು ಜಾನ್ ಗಾಬಾನ್. ಅವನು ಕರೆದುಕೊಂಡು ಬರುವ, ಬಟ್ಟೆ ಒಗೆಯುವ ಹುಡುಗಿ ನಿನಿ ಆಗಿ ಫ್ರಾನ್ಸ್ವಾಜ್ ಅರ್ನೂಲ್. ಆಗ ಅವರಿಗೆ 50, ಇವರಿಗೆ 23.

ಆ ವಯಸ್ಸಿನ ಅಂತರ ನನಗೂ ಮುಜುಗರ ತರುತ್ತದೆ. ದಾಂಗ್ಲಾರನನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಈ ಪ್ರಶ್ನೆ ಕೇಳುವವರು ನಿನಿಯನ್ನು ಸರಿಯಾಗಿ ನೋಡಿಲ್ಲ ಅನ್ನಿಸುತ್ತದೆ. ಅವಳ ಮುಂದೆ ಮೂರು ದಾರಿ ಇರುತ್ತವೆ. ಬೇಕರಿ ಹುಡುಗ ಪಾವ್ಲೊ ಮದುವೆಗೆ ತಯಾರಿದ್ದಾನೆ, ಆದರೆ ಕುಣಿತ ಬಿಡಬೇಕು. ಇನ್ನೊಬ್ಬ ರಾಜಕುಮಾರ, ಒಳ್ಳೆಯವನು, ಅವಳಿಗಾಗಿ ಏನು ಬೇಕಾದರೂ ಕೊಡುತ್ತಾನೆ. ಮೂರನೆಯದು ದಾಂಗ್ಲಾರನ ಸ್ಟೇಜು. ಅವಳು ಬೇಡ ಅನ್ನುವುದು ಮೊದಲಿನ ಇಬ್ಬರನ್ನೂ.

ನಡುವೆ ನಗುವುದಕ್ಕೂ ಬೇಕಾದಷ್ಟಿದೆ. ಮುದುಕಿ ಗೀಬೋಲ್ ಮೇಡಂ ಹುಡುಗಿಯರ ಕಾಲು ಚಾಚಿಸುವ ಕ್ಲಾಸು, ಮೂಲಾನ್ ರೂಜ್‌ನ ಶಂಕುಸ್ಥಾಪನೆಯ ದಿನ ಮಂತ್ರಿಗಳ ಎದುರೇ ನಿನಿಗೂ ದಾಂಗ್ಲಾರನ ಹಳೆಯ ಪ್ರೇಯಸಿ ಲೋಲಾಗೂ ಜುಟ್ಟು ಹಿಡಿದು ಜಗಳ, ಆ ಗಲಾಟೆಯಲ್ಲಿ ದಾಂಗ್ಲಾರ್ ಹಳ್ಳಕ್ಕೆ ಬಿದ್ದು ಕಾಲು ಮುರಿದುಕೊಳ್ಳುವುದು.

ಆದರೆ ನನ್ನ ಉತ್ತರ ಇರುವುದು ಕೊನೆಯಲ್ಲಿ. ಉದ್ಘಾಟನೆಯ ರಾತ್ರಿ, ಥಿಯೇಟರು ತುಂಬಿದೆ. ದಾಂಗ್ಲಾರನ ಕಣ್ಣು ಹೊಸ ಗಾಯಕಿಯ ಮೇಲೆ ಬಿದ್ದಿರುವುದು ನಿನಿಗೆ ಗೊತ್ತಾಗುತ್ತದೆ, ಅವಳು ಬಾಗಿಲು ಹಾಕಿಕೊಂಡು ಸ್ಟೇಜಿಗೆ ಬರುವುದಿಲ್ಲ ಅನ್ನುತ್ತಾಳೆ. ಅವನು ಬಂದು ಪುಸಲಾಯಿಸುವುದಿಲ್ಲ, ಸುಮ್ನೆ ಒಂದು ಮಾತನ್ನೂ ಕೊಡುವುದಿಲ್ಲ. ನನಗೆ ಲೆಕ್ಕಕ್ಕಿರುವುದು ನಾನು ಕಟ್ಟುವ ಆಟ ಮಾತ್ರ, ನಾವೆಲ್ಲ ಇರುವುದು ಜನರ ಸೇವೆಗೆ ಅನ್ನುವ ಅರ್ಥದಲ್ಲಿ ಸಿಡಿಯುತ್ತಾನೆ. ಕೆಟ್ಟ ಪ್ರೇಮಿಯ ಮಾತು, ನಿಜ. ಆದರೆ ಆ ಸಿನಿಮಾದಲ್ಲಿ ಅವನು ಆಡುವ ಅತ್ಯಂತ ಪ್ರಾಮಾಣಿಕ ಮಾತೂ ಅದೇ. ಅದನ್ನು ಕೇಳಿ ನಿನಿ ಹೊರಗೆ ಬರುತ್ತಾಳೆ. ಅವನಿಗೆ ಸೋತು ಬಂದಳು ಅಂತ ನನಗೆ ಒಮ್ಮೆಯೂ ಅನ್ನಿಸಿಲ್ಲ. ಅವಳಿಗೂ ಅದೇ ಹುಚ್ಚು ಹಿಡಿದಿದೆ, ಅಷ್ಟೇ.

ಆಮೇಲಿನ ಕುಣಿತ ಇದೆಯಲ್ಲ, ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಹುಡುಗಿಯರು ಪ್ರೇಕ್ಷಕರ ನಡುವಿನಿಂದಲೇ ನುಗ್ಗುತ್ತಾರೆ. ಲಂಗಗಳ ಬಿಳಿ, ಕೆಂಪು, ಹಳದಿ ಒಂದರ ಮೇಲೊಂದು ಚೆಲ್ಲುತ್ತವೆ, ಚಿತ್ರಕಾರ ಅಪ್ಪನ ಮಗ ಮಾಡಿದ ಸಿನಿಮಾ ಅಂತ ಆಗ ಗೊತ್ತಾಗುತ್ತದೆ. ನಮ್ಮಲ್ಲಿ ಕ್ಯಾಬರೆ ಅಂದರೆ ಖಳನಾಯಕನ ಅಡ್ಡೆ, ಮಂದ ಬೆಳಕು, ಗ್ಲಾಸು ಹಿಡಿದ ಗಂಡಸರು. ಇಲ್ಲಿ ಕುಣಿಯುವವರು ಮೊದಲು ಕೆಲಸಗಾರ್ತಿಯರು. ಬೆವರು, ಕೂಗು, ದಣಿವು, ಖುಷಿ ಎಲ್ಲ ಕಾಣುತ್ತದೆ. ನಿಜವಾದ ಮೂಲಾನ್ ರೂಜ್‌ನ ತಾರೆ ಲಾ ಗೂಲೂ ಕೂಡ ಲಾಂಡ್ರಿಯಲ್ಲಿ ದುಡಿದ ಹುಡುಗಿಯೇ.

ದಾಂಗ್ಲಾರ್ ಆಗ ಎಲ್ಲಿರುತ್ತಾನೆ? ಪರದೆಯ ಹಿಂದೆ, ಒಂದು ಕುರ್ಚಿಯಲ್ಲಿ ಒಬ್ಬನೇ. ತಾಳಕ್ಕೆ ಅವನ ಕಾಲು ಆಡುತ್ತಿರುತ್ತದೆ. ಹೊರಗೆ ಇಡೀ ಥಿಯೇಟರು ಕೂಗುತ್ತಿರುವುದು ನಿನಿಗಾಗಿ.