ನಿಮ್ಮ ಚಿತ್ರಗಳಿಗೆ ಪ್ರೇರಣೆ ಎಲ್ಲಿಂದ ಎಂದು ಕೇಳುವವರಿಗೆ

ಪ್ರದರ್ಶನಗಳಿಗೆ ಬಂದವರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಪ್ರೇರಣೆಯನ್ನು ಕುರಿತದ್ದು. ಹುಟ್ಟೂರು ಶಿರಸಿಯ ಕಡೆ, ಈಗಿನ ವಾಸ ಕುಮಟಾದಲ್ಲಿ ಎಂದು ತಿಳಿದ ಮೇಲೆ ಕಡಲು, ಯಾಣದ ಕಪ್ಪು ಶಿಖರಗಳು ಅಥವಾ ಉಂಚಳ್ಳಿಯ ಜಲಪಾತವನ್ನು ಅವರೇ ಉತ್ತರವಾಗಿ ಸೂಚಿಸುವುದೂ ಉಂಟು. ಇವೆಲ್ಲವನ್ನೂ ನಾನು ಮನಸಾರೆ ನೋಡಿದ್ದೇನೆ. ಆದರೆ ನನ್ನ ಚಿತ್ರಗಳಲ್ಲಿ ಹೆಚ್ಚಿನವು ಹುಟ್ಟಿದ್ದು, ಬಹುಕಾಲದಿಂದ ಕಣ್ಣೆದುರಿಗೇ ಇದ್ದ ವಸ್ತುವೊಂದು ಪ್ರಯಾಣದಿಂದಲೋ ಋತುವಿನಿಂದಲೋ ಬದುಕಿನ ತಿರುವಿನಿಂದಲೋ ಬೇರೆಯಾಗಿ ಕಾಣತೊಡಗಿದಾಗ.

ನಮ್ಮ ಊರಿನ ಕೆಂಪನ್ನು ನನಗೆ ತೋರಿಸಿಕೊಟ್ಟದ್ದು ಬಾದಾಮಿ. ಅಲ್ಲಿನ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ, ಅಳಿದುಳಿದ ವರ್ಣಚಿತ್ರಗಳೂ ಇವೆ. ಆ ಚಿತ್ರಗಳಿಗಾಗಿಯೇ ಹೋದವನು ಬಂಡೆಯನ್ನೇ ಹೆಚ್ಚು ಹೊತ್ತು ನೋಡುತ್ತ ಕುಳಿತೆ. ಒಣ ಬಿಸಿಲಿನಲ್ಲಿ ಆ ಮರಳುಗಲ್ಲಿನ ಕೆಂಪು ಕಿತ್ತಳೆಯ ಕಡೆಗೆ ವಾಲುತ್ತದೆ. ಮರಳಿ ಬಂದು ಮನೆಯ ಚೀರೆಕಲ್ಲಿನ (ಜಂಬಿಟ್ಟಿಗೆಯ) ಗೋಡೆಯನ್ನು ನೋಡಿದರೆ, ಅದೇ ಕಬ್ಬಿಣದಿಂದ ಬಂದ ಕೆಂಪು ಇಲ್ಲಿ ಮಳೆಯಲ್ಲಿ ನೆನೆದು, ಹಾವಸೆಯ ಹಸಿರಿನ ಪಕ್ಕದಲ್ಲಿ, ನೇರಳೆ ಬೆರೆತ ಕಂದುಬಣ್ಣಕ್ಕೆ ತಿರುಗಿತ್ತು. ಚೀರೆಕಲ್ಲಿನ ಬಣ್ಣವೇ ಮಳೆಯ ಕೆಲಸ: ಯುಗಯುಗಗಳ ಮಳೆ ಶಿಲೆಯೊಳಗಿನ ಸಿಲಿಕಾದಂಥ ಅಂಶಗಳನ್ನು ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳನ್ನು ಉಳಿಸಿದ್ದರಿಂದ ಅದು ಕೆಂಪಾಗಿದೆ. ಇದನ್ನು ತಿಳಿದ ಮೇಲೆ ಕೆಂಪು ಮತ್ತು ಮಳೆಯನ್ನು ಎರಡು ವಿಷಯಗಳಾಗಿ ಚಿತ್ರಿಸಲು ನನ್ನಿಂದ ಆಗಿಲ್ಲ. ನಮ್ಮ ಕಡೆಯ ದೀವರ ಸಮುದಾಯದ ಹೆಂಗಸರು ಭೂಮಿತಾಯಿಯ ಹಬ್ಬವಾದ ಭೂಮಿ ಹುಣ್ಣಿಮೆಯ ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿ ಗೆರೆಗಳನ್ನು ಎಳೆಯುವುದನ್ನು ಚಿಕ್ಕಂದಿನಿಂದ ಕಂಡಿದ್ದೆ. ಅವರ ಚಿತ್ತಾರದಲ್ಲಿ ನೆಲದ ಬಣ್ಣವೇ ಚಿತ್ರದ ನೆಲೆಯಾಗಿದೆ ಎಂಬುದು ಹೊಳೆದದ್ದು ಬಾದಾಮಿಯ ನಂತರ. ಈಗ ನಾನೂ ಮೊದಲು ಕೆಮ್ಮಣ್ಣಿನ ಲೇಪ ಕೊಟ್ಟೇ ಚಿತ್ರವನ್ನು ಆರಂಭಿಸುತ್ತೇನೆ.

ಮಳೆಗಾಲ ಕಲಿಸಿದ್ದು ಬೇರೆ. ಮೋಡ ಕವಿದ ಆಷಾಢದಲ್ಲಿ ನೆರಳುಗಳೇ ಬೀಳುವುದಿಲ್ಲವಾದ್ದರಿಂದ, ವಸ್ತುವಿನ ಉಬ್ಬುತಗ್ಗುಗಳನ್ನು ಬಣ್ಣದ ಸಣ್ಣ ವ್ಯತ್ಯಾಸಗಳಿಂದಲೇ ತೋರಿಸಬೇಕಾಗುತ್ತದೆ. ಜಲವರ್ಣವೂ ಬೇಗ ಒಣಗದೆ ಅಂಚು ಮೀರಿ ಹರಿಯುತ್ತದೆ.

ಬದುಕಿನ ಬದಲಾವಣೆಯ ಬಗ್ಗೆ ಮಾತನಾಡುವುದು ಕಷ್ಟ, ಆದರೂ ಉತ್ತರ ಪೂರ್ಣವಾಗಲು ಅದು ಬೇಕು. ಅಪ್ಪ ತೀರಿಕೊಂಡ ಬಳಿಕ ಘಟ್ಟದ ಮೇಲಿನ ತೋಟವನ್ನು ಬಿಟ್ಟು ಕರಾವಳಿಗೆ ಇಳಿದು ಬಂದೆ. ಅಡಕೆ ತೋಟದಲ್ಲಿ ಬೆಳಕು ಹೆಡೆಗಳ ನಡುವಿನಿಂದ ಚೂರುಚೂರಾಗಿ ಬೀಳುತ್ತದೆ. ಅಘನಾಶಿನಿಯ ಅಳಿವೆಯ ಗಜನಿಯಲ್ಲಾದರೋ, ಎಂದರೆ ಉಪ್ಪುನೀರು ನುಗ್ಗುವ ತಗ್ಗು ಬಯಲಿನಲ್ಲಿ, ಉಪ್ಪನ್ನು ತಾಳುವ ಕಗ್ಗ ಭತ್ತ ಬೆಳೆಯುವ ಗದ್ದೆಗಳಲ್ಲಿ ನೀರು ನಿಂತಾಗ, ಬೆಳಕು ನೆಲದಿಂದಲೇ ಏಳುತ್ತದೆ, ಮನುಷ್ಯರ ಮುಖಗಳು ಕೆಳಗಿನಿಂದ ಬೆಳಗುತ್ತವೆ. ಆ ವರ್ಷಗಳಲ್ಲಿ ನನ್ನ ಚಿತ್ರಗಳಿಂದ ಕಡುಹಸಿರು ಬಹುಮಟ್ಟಿಗೆ ಹೊರಟುಹೋಯಿತು, ಆಕೃತಿಗಳು ಚಿಕ್ಕವಾಗಿ ದಿಗಂತದ ಬಳಿ ಸರಿದವು. ದುಃಖದಿಂದ ಹಾಗಾಯಿತೋ ಬಯಲಿನಿಂದಲೋ ಎಂದು ಬಿಡಿಸಿ ಹೇಳಲಾರೆ, ಏಕೆಂದರೆ ಅವೆರಡೂ ನನ್ನ ಬಳಿಗೆ ಒಟ್ಟಿಗೇ ಬಂದವು.

ಪ್ರೇರಣೆಗಾಗಿ ಕಾರವಾರಕ್ಕೆ ಬರುವ ಯುವ ಕಲಾವಿದರು ರವೀಂದ್ರನಾಥ ಠಾಕೂರರನ್ನು ನೆನೆಯುತ್ತಾರೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಬಂದು ತಂಗಿದ್ದ ಆ ತರುಣ ಇಲ್ಲಿಯೇ ನಾಟಕವೊಂದನ್ನು ಬರೆದದ್ದು ನಿಜ. ಆದರೆ ಅವರು ಚಿತ್ರಕಲೆಯಲ್ಲಿ ಗಾಢವಾಗಿ ತೊಡಗಿದ್ದು ಅರುವತ್ತು ದಾಟಿದ ಮೇಲೆ ಎಂಬುದನ್ನು ನಾನು ಆ ಯುವ ಕಲಾವಿದರಿಗೆ ನೆನಪಿಸುತ್ತೇನೆ. ವಾರಾಂತ್ಯಕ್ಕೆ ಬಂದು ಹತ್ತು ಜಾಗಗಳನ್ನು ಚಿತ್ರಿಸುವ ಬದಲು, ಕಾಳಿ ನದಿ ಕಡಲನ್ನು ಸೇರುವ ಒಂದೇ ನೋಟವನ್ನು ಸದಾಶಿವಗಡದ ಗುಡ್ಡದಿಂದ ಜೂನ್‌ನಲ್ಲೊಮ್ಮೆ, ನೀರು ತಿಳಿಯಾದ ಡಿಸೆಂಬರ್‌ನಲ್ಲೊಮ್ಮೆ ಚಿತ್ರಿಸಿ, ಎರಡನ್ನೂ ತೆಗೆದುಕೊಂಡು ನನ್ನ ಮನೆಗೆ ಬನ್ನಿ ಎಂದು ಹೇಳಿ ಕಳುಹಿಸುತ್ತೇನೆ.