ಗಿಮ್ಮೆಲ್‌ವಾಲ್ಡ್: ಕಾರಿಲ್ಲದ ಊರಿಗೆ ಹೊರಡುವ ಮುನ್ನ

ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನ್ನೆನ್ ಕಣಿವೆಯ ಅಂಚಿನಲ್ಲಿ, ಕಡಿದಾದ ಬಂಡೆಗೋಡೆಯ ಮೇಲೆ ಗಿಮ್ಮೆಲ್‌ವಾಲ್ಡ್ ಇದೆ. ನೂರಕ್ಕಿಂತ ಸ್ವಲ್ಪ ಹೆಚ್ಚು ಜನ, ಮರದ ಮನೆಗಳು, ಕೊಟ್ಟಿಗೆಗಳು, ಎದುರಿಗೆ ಯುಂಗ್‌ಫ್ರಾವ್ ಸಾಲಿನ ಹಿಮ. ಎತ್ತರ ಸುಮಾರು 1,360 ಮೀಟರ್, ನಮ್ಮ ಕೆಮ್ಮಣ್ಣುಗುಂಡಿಗಿಂತ ತುಸು ಕಡಿಮೆಯೇ. ಹಾಗಾಗಿ ಎತ್ತರದಿಂದ ತಲೆಸುತ್ತುತ್ತದೆಂಬ ಭಯ ಬೇಡ, ಚಳಿಗೆ ಮಾತ್ರ ಸಿದ್ಧರಾಗಿರಿ. ಪ್ರವಾಸಿಗರ ಕಾರು ಇಲ್ಲಿಗೆ ಬರುವಂತಿಲ್ಲ. ರೈತರ ಟ್ರ್ಯಾಕ್ಟರ್, ಸಣ್ಣ ಗಾಡಿಗಳು ಓಡಾಡುತ್ತವೆ. ನಿಮ್ಮ ಸೂಟ್‌ಕೇಸ್, ಊಟ, ಔಷಧ ಎಲ್ಲವೂ ಕೇಬಲ್ ಕಾರಿನಲ್ಲೇ ಮೇಲೆ ಬರಬೇಕು. ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡವರಿಗೆ ಈ ಊರು ಸುಲಭ.

ಜ್ಯೂರಿಕ್ ವಿಮಾನ ನಿಲ್ದಾಣದಿಂದ ಬರ್ನ್ ಮಾರ್ಗವಾಗಿ ಇಂಟರ್‌ಲಾಕೆನ್‌ಗೆ ರೈಲಿನಲ್ಲಿ ಎರಡೂಕಾಲು ಗಂಟೆ ಹಿಡಿಯಿರಿ. ಅಲ್ಲಿ ಎರಡು ನಿಲ್ದಾಣಗಳಿವೆ. ಮೊದಲು ಬರುವ ವೆಸ್ಟ್‌ನಲ್ಲಿ ಇಳಿಯಬೇಡಿ, ನಿಮಗೆ ಬೇಕಾದ್ದು ಓಸ್ಟ್. ಓಸ್ಟ್‌ನಿಂದ ಲೌಟರ್‌ಬ್ರುನ್ನೆನ್‌ಗೆ ಇಪ್ಪತ್ತು ನಿಮಿಷದ ದಾರಿ. ಬಹಳ ಜನ ಎಡವುವುದು ಇಲ್ಲೇ: ಆ ರೈಲು ಟ್ಸ್ವೈಲ್ಯೂಚಿನೆನ್ ಎಂಬಲ್ಲಿ ಎರಡು ತುಂಡಾಗಿ, ಒಂದು ಭಾಗ ಲೌಟರ್‌ಬ್ರುನ್ನೆನ್‌ಗೂ ಇನ್ನೊಂದು ಗ್ರಿಂಡೆಲ್‌ವಾಲ್ಡ್‌ಗೂ ಹೋಗುತ್ತದೆ. ಪ್ಲಾಟ್‌ಫಾರ್ಮ್ ಒಂದೇ, ರೈಲೂ ಒಂದೇ. ಬೋಗಿಯ ಮೇಲಿನ ಫಲಕ ಓದಿಯೇ ಹತ್ತಿ. ಕುಟುಂಬದ ಅರ್ಧ ಜನ ಒಂದು ಬೋಗಿ, ಇನ್ನರ್ಧ ಮತ್ತೊಂದು ಬೋಗಿ ಹತ್ತಿದರೆ ಎರಡು ಬೇರೆ ಕಣಿವೆ ಸೇರುತ್ತೀರಿ. ಹೆಸರಿನ ಗೊಂದಲವೂ ಇದೆ. ಗ್ರಿಂಡೆಲ್‌ವಾಲ್ಡ್ ಬೇರೆ, ಗಿಮ್ಮೆಲ್‌ವಾಲ್ಡ್ ಬೇರೆ. ಹೋಟೆಲ್ ಬುಕ್ ಮಾಡುವಾಗ ಹೆಸರನ್ನು ಎರಡು ಸಲ ನೋಡಿ.

ಲೌಟರ್‌ಬ್ರುನ್ನೆನ್ ನಿಲ್ದಾಣದ ಎದುರೇ 141ನೇ ನಂಬರಿನ ಬಸ್ಸು ಸಿಗುತ್ತದೆ. ಕಾಲು ಗಂಟೆಯೊಳಗೆ ಕೇಬಲ್ ಕಾರಿನ ಕೆಳನಿಲ್ದಾಣಕ್ಕೆ ಬಿಡುತ್ತದೆ. ನಿಲ್ದಾಣದ ಹೆಸರು 'ಸ್ಟೆಕೆಲ್‌ಬರ್ಗ್, ಶಿಲ್ಟ್‌ಹಾರ್ನ್‌ಬಾನ್'. ಬರೀ ಸ್ಟೆಕೆಲ್‌ಬರ್ಗ್ ಎಂದು ನೆನಪಿಟ್ಟುಕೊಂಡರೆ ಬಸ್ಸು ನಿಮ್ಮನ್ನು ಕಣಿವೆಯ ಇನ್ನೂ ಒಳಗಿರುವ ಹಳ್ಳಿಗೆ ಒಯ್ಯುತ್ತದೆ. ಬಾಡಿಗೆ ಕಾರಿನಲ್ಲಿ ಬಂದವರು ಇದೇ ಕೆಳನಿಲ್ದಾಣದ ದೊಡ್ಡ ಪಾರ್ಕಿಂಗ್‌ನಲ್ಲಿ ದುಡ್ಡು ಕೊಟ್ಟು ಕಾರು ಬಿಡಬಹುದು.

ಕೇಬಲ್ ಕಾರಿನ ವಿಷಯದಲ್ಲಿ ಹಳೆಯ ಪ್ರವಾಸ ಬರಹಗಳನ್ನು ನಂಬಬೇಡಿ. 2024ರ ಡಿಸೆಂಬರ್‌ನಲ್ಲಿ ಸ್ಟೆಕೆಲ್‌ಬರ್ಗ್‌ನಿಂದ, ಗಿಮ್ಮೆಲ್‌ವಾಲ್ಡ್‌ಗಿಂತ ಮೇಲಿರುವ ಮ್ಯೂರೆನ್ ಎಂಬ ಊರಿಗೆ ನೇರ ಕೇಬಲ್ ಕಾರು ಶುರುವಾಗಿದೆ. ಇಳಿಜಾರು 159.4 ಶೇಕಡಾ, ಮೇಲೇರಲು ಬೇಕಿರುವುದು ನಾಲ್ಕೇ ನಿಮಿಷ. ಆದರೆ ಅದು ಗಿಮ್ಮೆಲ್‌ವಾಲ್ಡ್‌ನಲ್ಲಿ ನಿಲ್ಲುವುದಿಲ್ಲ. ಜನ ನುಗ್ಗುವ ಕಡೆಗೇ ನೀವೂ ನುಗ್ಗದೆ, ಗಿಮ್ಮೆಲ್‌ವಾಲ್ಡ್ ಎಂದು ಬರೆದಿರುವ ದ್ವಾರ ಹುಡುಕಿ. ತಪ್ಪಿ ಮ್ಯೂರೆನ್ ಸೇರಿದರೂ ಗಾಬರಿಯಾಗಬೇಕಿಲ್ಲ. ಅಲ್ಲಿಂದ ಟಾರು ಹಾಕಿದ ಕಿರುದಾರಿಯಲ್ಲಿ ಅರ್ಧ ಗಂಟೆ ಇಳಿದರೆ ಊರು. ಅದೇ ದಾರಿ ಹತ್ತಲು ಮುಕ್ಕಾಲು ಗಂಟೆ, ಸುಮಾರು 270 ಮೀಟರ್ ಏರು. ಈ ದಾರಿ ತಿಳಿದಿರುವುದು ಇನ್ನೊಂದು ಕಾರಣಕ್ಕೂ ಒಳ್ಳೆಯದು. ಜೋರು ಗಾಳಿಗೆ ಕೇಬಲ್ ಕಾರು ನಿಂತರೆ, ಮ್ಯೂರೆನ್‌ಗೆ ನಡೆದು, ಅಲ್ಲಿಂದ ಪುಟ್ಟ ರೈಲಿನಲ್ಲಿ ಗ್ರೂಟ್ಶ್‌ಆಲ್ಪ್, ಮತ್ತೊಂದು ಕೇಬಲ್ ಕಾರಿನಲ್ಲಿ ಲೌಟರ್‌ಬ್ರುನ್ನೆನ್ ಸೇರಬಹುದು. ಆ ಕೇಬಲ್ ಕಾರಿನ ಹೊಟ್ಟೆಯಡಿ ಸಾಮಾನು ಸಾಗಿಸುವ ತೊಟ್ಟಿಲು ತೂಗುತ್ತದೆ. ಮ್ಯೂರೆನ್‌ನ ಅಂಗಡಿ ಸರಕು ಬರುವುದು ಹೀಗೆ.

ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಮ್ಯೂರೆನ್ ತನಕ ಬೇರೆ ಟಿಕೆಟ್ ಬೇಡ. ಅದಕ್ಕಿಂತ ಮೇಲೆ, 2,970 ಮೀಟರಿನ ಶಿಲ್ಟ್‌ಹಾರ್ನ್‌ಗೆ ಅರ್ಧ ದರ. ಆ ಟಿಕೆಟ್ಟನ್ನು ಹಿಂದಿನ ದಿನವೇ ಕೊಳ್ಳಬೇಡಿ. ಬೆಳಗ್ಗೆ ಎದ್ದು ವೆಬ್‌ಕ್ಯಾಮ್‌ನಲ್ಲಿ ಶಿಖರ ಬಿಚ್ಚಿದೆಯೇ ನೋಡಿ, ಆಮೇಲೆ ಕೊಳ್ಳಿ. ಮಂಜು ಮುಸುಕಿದ್ದರೆ ಮೇಲೆ ಕಾಣುವುದು ಬಿಳಿ ಗೋಡೆಯಷ್ಟೇ.

ಬ್ಯಾಗು ಒಬ್ಬರಿಗೆ ಒಂದು, ಹೆಗಲಿಗೆ ಹಾಕುವಂಥದ್ದು. ವಿಮಾನಕ್ಕೆ ತಂದ 23 ಕೆಜಿ ಸೂಟ್‌ಕೇಸನ್ನು ಇಂಟರ್‌ಲಾಕೆನ್ ಓಸ್ಟ್‌ನ ಲಾಕರಿನಲ್ಲಿಡಿ. ಊರೊಳಗಿನ ದಾರಿ ಕಡಿದಾದದ್ದು, ಚಳಿಗಾಲದಲ್ಲಿ ಹಿಮ ಗಟ್ಟಿಯಾಗಿ ಜಾರುತ್ತದೆ, ಚಕ್ರ ಉರುಳುವುದಿಲ್ಲ.

ಗಿಮ್ಮೆಲ್‌ವಾಲ್ಡ್‌ನಲ್ಲಿ ಸೂಪರ್‌ಮಾರ್ಕೆಟ್ ಇಲ್ಲ, ಔಷಧ ಅಂಗಡಿಯೂ ಇಲ್ಲ. ಅಕ್ಕಿ, ಹಾಲು, ಮೊಸರು, ತರಕಾರಿಯನ್ನು ಲೌಟರ್‌ಬ್ರುನ್ನೆನ್‌ನ ಕೂಪ್ ಸೂಪರ್‌ಮಾರ್ಕೆಟ್‌ನಲ್ಲೇ ಕೊಂಡು ಹತ್ತಿ. ಮರೆತರೆ ಮ್ಯೂರೆನ್‌ನಲ್ಲಿ ಇನ್ನೊಂದು ಕೂಪ್ ಇದೆ. ಊರಲ್ಲಿ ಮಾರುವವರಿಲ್ಲದ ಅಂಗಡಿಯೊಂದಿದೆ, ಬೇಕಾದ್ದು ಎತ್ತಿಕೊಂಡು ಡಬ್ಬಿಗೆ ದುಡ್ಡು ಹಾಕಬೇಕು. ಅದಕ್ಕೆ ಫ್ರಾಂಕ್ ಚಿಲ್ಲರೆ ಇಟ್ಟುಕೊಳ್ಳಿ. ಸಸ್ಯಾಹಾರಿಗಳಿಗೆ ಆಲೂಗಡ್ಡೆಯ ರೋಸ್ಟಿ ಸಿಗುತ್ತದೆ, ಆದರೆ 'ಶ್ಪೆಕ್ ಬೇಡ' ಎಂದು ಹೇಳಲೇಬೇಕು, ಅದು ಹಂದಿಮಾಂಸ. ತರಕಾರಿ ಸೂಪಿಗೆ ಮಾಂಸ ಬೇಯಿಸಿದ ನೀರು ಹಾಕಿದ್ದಾರೆಯೇ ಎಂದೂ ಕೇಳಿ. ಪರ್ವತದ ಚೀಸ್ ಬಹುಪಾಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ ಹೆಪ್ಪಾದದ್ದು, ಕಟ್ಟುನಿಟ್ಟಿನವರು ಬಿಡುವುದು ಲೇಸು. ಚಟ್ನಿಪುಡಿ, ಅವಲಕ್ಕಿ, ಸಾರಿನಪುಡಿ ಒಯ್ಯಿರಿ. ತುಪ್ಪ, ಪೇಡ, ಹಸಿ ಕರಿಬೇವು, ಹಸಿಮೆಣಸಿನಕಾಯಿ ಬೇಡ. ಯುರೋಪಿನ ಹೊರಗಿನ ಹಾಲಿನ ಪದಾರ್ಥ ಮತ್ತು ಹಸಿ ಸೊಪ್ಪುಕಾಯಿಗಳನ್ನು ಸ್ವಿಸ್ ಕಸ್ಟಮ್ಸ್ ಒಳಗೆ ಬಿಡುವುದಿಲ್ಲ. ಕುಡಿಯುವ ನೀರಿಗೆ ದುಡ್ಡು ಕೊಡಬೇಡಿ. ಊರಿನ ಮರದ ತೊಟ್ಟಿಗೆ ಸುರಿಯುವ ನೀರಿನ ಬಳಿ 'ಕೈನ್ ಟ್ರಿಂಕ್‌ವಾಸರ್' (ಕುಡಿಯುವ ನೀರಲ್ಲ) ಎಂಬ ಫಲಕ ಇಲ್ಲದಿದ್ದರೆ ಬಾಟಲಿ ತುಂಬಿಸಿ.

ಪ್ಲಗ್ಗಿನ ಸಣ್ಣ ವಿಷಯ. ಸ್ವಿಸ್ ಸಾಕೆಟ್ ಆರು ಮೂಲೆಯ ಗುಳಿಯೊಳಗಿದೆ. ತೆಳು ಕಡ್ಡಿಯ ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಹೊಂದುತ್ತದೆ. ನಮ್ಮ ಮೂರು ಪಿನ್ನಿನ ಲ್ಯಾಪ್‌ಟಾಪ್ ಪ್ಲಗ್ ಖಂಡಿತ ಹೊಂದುವುದಿಲ್ಲ, ಅಡಾಪ್ಟರ್ ಕೊಂಡೇ ಹೋಗಿ.

ನಡೆಯುವವರು ಫಲಕದ ಬಣ್ಣ ತಿಳಿದಿರಲಿ. ಬರೀ ಹಳದಿಯಾದರೆ ಸಾಮಾನ್ಯ ದಾರಿ, ಮಕ್ಕಳೂ ಹೋಗಬಹುದು. ಬಿಳಿ-ಕೆಂಪು-ಬಿಳಿಗೆ ಒಳ್ಳೆಯ ಶೂ ಬೇಕು. ಬಿಳಿ-ನೀಲಿ-ಬಿಳಿ ನಿಮಗಲ್ಲ. ಫಲಕದಲ್ಲಿ ಬರೆದಿರುವ ಸಮಯದಲ್ಲಿ ವಿರಾಮ ಸೇರಿರುವುದಿಲ್ಲ, ಫೋಟೊ ತೆಗೆಯುವವರು ಅರ್ಧದಷ್ಟು ಹೆಚ್ಚು ಹಿಡಿಯಿರಿ. ಹುಲ್ಲುಗಾವಲಿಗೆ ಕಾಲಿಡಬೇಡಿ: ಅದು ಚಳಿಗಾಲಕ್ಕೆ ಹಸುಗಳ ಮೇವು, ತುಳಿದರೆ ಕೊಯ್ಯಲು ಬರುವುದಿಲ್ಲ. ಕರು ಜೊತೆಗಿರುವ ಹಸುವಿನಿಂದ ದೂರವಿರಿ. ಬೆಟ್ಟದಲ್ಲಿ ಅಪಘಾತವಾದರೆ ಹೆಲಿಕಾಪ್ಟರ್ ರಕ್ಷಣೆಯ ರೇಗಾ ನಂಬರು 1414.

ಮಳೆ ಹಿಡಿದ ದಿನಕ್ಕೆ ಟ್ರ್ಯುಮ್ಮೆಲ್‌ಬಾಖ್ ಇಟ್ಟುಕೊಳ್ಳಿ. ಬಂಡೆಯೊಳಗೆ ಕೊರೆದು ಬೀಳುವ ಹತ್ತು ಜಲಪಾತ, ಅದೇ 141ರ ಬಸ್ಸು ದಾರಿಯಲ್ಲಿದೆ. ನಾಲ್ಕು ವರ್ಷದೊಳಗಿನ ಮಕ್ಕಳನ್ನು ಒಳಗೆ ಬಿಡುವುದಿಲ್ಲ, ಚಳಿಗಾಲದಲ್ಲಿ ಮುಚ್ಚಿರುತ್ತದೆ.

ಹೋಗಲು ಜೂನ್ ಕೊನೆಯಿಂದ ಸೆಪ್ಟೆಂಬರ್ ಒಳ್ಳೆಯದು. ಏಪ್ರಿಲ್-ಮೇ ಮತ್ತು ನವೆಂಬರ್‌ನಲ್ಲಿ ಕೇಬಲ್ ಕಾರಿನ ರಿಪೇರಿ ಸರದಿ ಬರುತ್ತದೆ, ಹೋಟೆಲುಗಳೂ ಬಾಗಿಲು ಹಾಕುತ್ತವೆ. ನಮ್ಮ ಬೇಸಿಗೆ ರಜೆಗೆ ಹೋಗುವವರು ತಾರೀಕು ಮೊದಲು ಪರಿಶೀಲಿಸಿ. ರೂಮುಗಳು ಕಡಿಮೆ, ಆದ್ದರಿಂದ ರದ್ದು ಮಾಡಬಹುದಾದ ಬುಕಿಂಗ್ ಮೊದಲು, ವೀಸಾ ಆಮೇಲೆ. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು, ವಿಮೆ ಕನಿಷ್ಠ 30,000 ಯೂರೋದ್ದಿರಬೇಕು. ಒಂದೇ ರಾತ್ರಿಗೆ ಹೋಗುವುದು ದಂಡ, ಎರಡು ರಾತ್ರಿಯಾದರೂ ಇರಿ. ಮರಳುವ ವಿಮಾನ ಬೆಳಗ್ಗೆಯದ್ದಾದರೆ ಕೊನೆಯ ರಾತ್ರಿ ಇಲ್ಲಿ ಇಡಬೇಡಿ. ಕೇಬಲ್ ಕಾರು, ಬಸ್ಸು, ಮೂರು ರೈಲು ಸೇರಿ ಜ್ಯೂರಿಕ್‌ಗೆ ಮೂರೂವರೆ ಗಂಟೆ ಬೇಕು, ಮೊದಲ ಕೇಬಲ್ ಕಾರಿಗೇ ಇಳಿದರೂ ಚೆಕ್-ಇನ್ ತಪ್ಪುತ್ತದೆ.